ಹುಣಸೆಹಣ್ಣು ಹಚ್ಚಿ ತೊಳೆದ ಇಂಜಿನ್

ದೇವರು ಇದ್ದಾನೆ ಎಂದು ಒಮ್ಮೆ, ಇಲ್ಲ ಎಂದು ಇನ್ನೊಮ್ಮೆ, ಒಂದೇ ವಿಷಯದ ಎರಡೂ ಕಡೆ ನಿಂತು ವಾದಿಸಿ ಎರಡೂ ಸಲ ಪಾರಿತೋಷಕ ತಂದವಳು ನಾನು. ಬಾಗಲಕೋಟೆಯ ವಿದ್ಯಾಗಿರಿಯ ನಮ್ಮ ಮನೆಯಲ್ಲಿ ಅವು ಟಿವಿಯ ಪಕ್ಕದಲ್ಲಿ ಸಾಲಾಗಿ ನಿಂತಿವೆ. ಅವುಗಳಲ್ಲಿ ಒಂದರೊಳಗೆ ಅವ್ವ ಸೇಫ್ಟಿ ಪಿನ್ ಹಾಕಿಡುತ್ತಾಳೆ. ಕಾಲೇಜಿನಲ್ಲಿ ನಮ್ಮನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡಿದವರು ಕಲಿಸಿದ್ದು ಇಷ್ಟೇ: ಎದುರಿನವರ ಮಾತಿನಲ್ಲಿ ಬಿರುಕು ಎಲ್ಲಿದೆ ನೋಡು, ಅಲ್ಲಿ ಬೆರಳು ಹಾಕು. ಬಿರುಕಿಲ್ಲದ ಮಾತು ಇರುವುದೇ ಇಲ್ಲ ಎಂದು ನಾನು ನಂಬಿದ್ದೆ. ಕಣ್ಣಿನ ಡಾಕ್ಟರು ಅಪ್ಪನ ಬಗ್ಗೆ ಹೇಳಿದ ಮಾತಿನಲ್ಲೂ ಹುಡುಕಿದೆ.

"ಹೋದದ್ದು ಹೋತ್ರಿ," ಅಂದರು ಅವರು. "ಅದನ್ನ ವಾಪಸ್ ತರಾಕ ಯಾರ ಕೈಲೂ ಆಗಂಗಿಲ್ಲ. ಉಳಿದದ್ದನ್ನ ಡ್ರಾಪ್ಸ್ ಹಾಕಿ ಹಿಡಕೊಂಡು ಕೂಡಬೇಕು."

"ಎಷ್ಟು ದಿನ ಹಿಡಕೋಬಹುದ್ರಿ?"

"ಹೇಳಾಕ ಬರಂಗಿಲ್ಲ."

"ಅಂದ್ರ ವರ್ಷಗಟ್ಟಲೆ ಉಳೀಬಹುದು?"

"ಉಳೀಬಹುದು. ಮುಂದಿನ ತಿಂಗಳ ಹೋಗಲೂಬಹುದು. ಯಾಕ ತಂಗಿ, ನೀವು ವಕೀಲರೇನು?"

"ಇನ್ನೂ ಓದಾಕತ್ತೀನ್ರಿ."

"ಅಕಿ ವಕೀಲ ಆಗೂದರೊಳಗ ನನ್ನ ಕೇಸ್ ಮುಗೀತೈತಿ ಬಿಡ್ರಿ ಸಾಹೇಬ್ರ," ಅಂದ ಅಪ್ಪ. ಡಾಕ್ಟರು ನಕ್ಕರು. ಅಪ್ಪನೂ ನಕ್ಕ, ಆದರೆ ಡಾಕ್ಟರು ಕೂತಿದ್ದ ಕಡೆಗಲ್ಲ, ಅವರ ಹಿಂದಿನ ಕ್ಯಾಲೆಂಡರಿನ ಕಡೆಗೆ.

ಅಪ್ಪನ ಎಡಗಣ್ಣು ಆಗಲೇ ಪೂರ್ತಿ ಹೋಗಿತ್ತು. ಬಲಗಣ್ಣಿನಲ್ಲಿ ಸುತ್ತಲಿನದೆಲ್ಲ ಅಳಿಸಿಹೋಗಿ ನಡುವೆ ಒಂದು ತೂತು ಉಳಿದಿತ್ತು. ಎಷ್ಟು ಎಂದು ತಿಳಿಯಬೇಕಾದರೆ ಎಡಗಣ್ಣು ಮುಚ್ಚಿ, ಬಲಗೈ ಮುಷ್ಟಿಯನ್ನು ಸ್ವಲ್ಪ ಸಡಿಲಿಸಿ ಕೊಳವೆ ಮಾಡಿ, ಬಲಗಣ್ಣಿಗೆ ಒತ್ತಿ ಹಿಡಿದು ನೋಡಿ. ದವಾಖಾನೆಯ ಬಾಗಿಲಲ್ಲೇ ನಾನು ಹಾಗೆ ಹಿಡಿದು ನೋಡಿದೆ. ರಸ್ತೆ ಇಲ್ಲ, ಎಮ್ಮೆಗಳಿಲ್ಲ, ಆಟೋಗಳಿಲ್ಲ. ಎದುರಿನ ಅಂಗಡಿಯ ಬೋರ್ಡಿನ ಒಂದೇ ಒಂದು ಅಕ್ಷರ. ಕೈ ಇಳಿಸಿದೆ, ನನ್ನ ಜಗತ್ತು ವಾಪಸ್ಸು ಬಂತು.

ಆಟೋದಲ್ಲಿ ಅಪ್ಪ ಒಂದೇ ಮಾತು ಆಡಿದ. "ಇಂಜಿನ್ ಹಚ್ಚೋಣು. ಕಣ್ಣು ಇರೂದರೊಳಗ ಅದು ಓಡೂದು ಒಮ್ಮಿ ನೋಡಬೇಕು. ಒಮ್ಮಿ ಸಾಕು."

ಇಂಜಿನ್ ಅಂದರೆ ಅಪ್ಪನ ಉಗಿ ಇಂಜಿನ್. ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ, ಎತ್ತಿದರೆ ಒಂದು ತುಂಬಿದ ತಾಮ್ರದ ತಂಬಿಗೆಯ ಭಾರ. ಇದು ಬ್ಯಾಟರಿಯದಲ್ಲ. ತಾಮ್ರದ ಬಾಯ್ಲರಿಗೆ ನೀರು ಹಾಕಿ, ಕೆಳಗೆ ಸ್ಪಿರಿಟ್ ದೀಪ ಹಚ್ಚಿದರೆ ಒಳಗೆ ಖರೆ ಉಗಿ ಏಳುತ್ತದೆ. ಆ ಉಗಿ ಪಿಸ್ಟನ್ನನ್ನು ತಳ್ಳುತ್ತದೆ, ಗಾಲಿ ತಿರುಗುತ್ತವೆ. ಅಪ್ಪ ಇದರ ಬಿಡಿಭಾಗಗಳನ್ನು ಹೊರದೇಶದಿಂದ ಅಂಚೆಯಲ್ಲಿ ತರಿಸಿ, ವರ್ಷಗಟ್ಟಲೆ ಉಜ್ಜಿ, ಕೂಡಿಸಿದವನು. ಬಾದಾಮಿಯಲ್ಲಿ ಹುಟ್ಟಿ ಬೆಳೆದವನು ಅವನು. ಮೀಟರ್ ಗೇಜ್ ಹಳಿಯ ಮೇಲೆ ಉಗಿ ಗಾಡಿ ಕೆಂಪು ಗುಡ್ಡದ ಕಡೆಯಿಂದ ಬರುವುದನ್ನು ಸಾಲಿ ತಪ್ಪಿಸಿ ನೋಡಿದವನು. ಆಮೇಲೆ ಬಾಗಲಕೋಟೆಯ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿತು. ಅಣೆಕಟ್ಟಿನ ಹಿನ್ನೀರು ಹಳೆ ಊರಿಗೆ ಬಂದಾಗ ಜನರಿಗೆ ಕೊಡುವ ಹೊಸ ಸೈಟುಗಳ ನಕ್ಷೆಗಳನ್ನು ಅವನೂ ಬರೆದ. ಹಗಲು ಹೊಸ ಊರಿನ ಗೆರೆ ಎಳೆದು, ಸಂಜೆ ಮನೆಗೆ ಬಂದು ಮಾಳಿಗೆಯ ಮೇಲಿನ ಖೋಲಿಯಲ್ಲಿ ಹಳೆಯದನ್ನು ಕಟ್ಟುತ್ತಿದ್ದ.

ಆ ಖೋಲಿಯ ತುಂಬ ಸೊಂಟದೆತ್ತರದ ಪ್ಲೈವುಡ್ ಹಲಗೆ. ಅದರ ಮೇಲೆ ಸುತ್ತಾಗಿ ಹಳಿ. ಒಂದು ಕಡೆ ಬಾದಾಮಿ ಸ್ಟೇಷನ್, ಹಿಂದೆ ಅಲ್ಲಿಂದಲೇ ಆರಿಸಿ ತಂದ ಕೆಂಪು ಕಲ್ಲಿನ ಗುಡ್ಡ, ಗುಡ್ಡದಲ್ಲಿ ಒಂದು ಸುರಂಗ. ಬಾದಾಮಿಯ ಹಳಿಗೆ ಸುರಂಗವೇ ಇಲ್ಲವಲ್ಲ ಎಂದು ನಾನು ಆಕ್ಷೇಪ ಎತ್ತಿದ್ದೆ. "ಇದು ನನ್ನ ರೇಲ್ವೆ, ನಿನ್ನ ಕೋರ್ಟಲ್ಲ" ಎಂದಿದ್ದ. ಇನ್ನೊಂದು ಕಡೆ ನೀರಿನಲ್ಲಿ ಮುಳುಗಿದ ಹಳೆ ಬಾಗಲಕೋಟೆಯ ಒಂದು ಓಣಿ, ಬೆಂಕಿಪೆಟ್ಟಿಗೆ ಗಾತ್ರದ ಮನೆಗಳು. ನಡುವೆ ಹೊಳೆ. ಹೊಳೆಗೆ ಇಳಕಲ್ಲಿನಿಂದ ತಂದ ಪಾಲಿಶ್ ಕಲ್ಲಿನ ಕೆಂಪು ತುಂಡು. ಹೊಳೆ ಕೆಂಪಗೆ ಇರುತ್ತದೇನು ಎಂದು ಕೇಳಿದವರಿಗೆ ಅಪ್ಪ, ಮಳೆಗಾಲದಾಗ ಪಟ್ಟದಕಲ್ಲಿಗೆ ಹೋಗಿ ಮಲಪ್ರಭೆ ನೋಡಿ ಬರ್ರಿ ಅನ್ನುತ್ತಿದ್ದ.

ಆಟೋ ಇಳಿದವನೇ ಅಪ್ಪ ಗೋಡೆ ಹಿಡಿದು ಮಾಳಿಗೆ ಏರಿದ. ನಾನು ಇಂಜಿನ್ನಿನ ಪೆಟ್ಟಿಗೆ ತೆಗೆದೆ. ಬಾಯ್ಲರ್ ದೇವರ ಕೊಡದ ಹಾಗೆ ಹೊಳೆಯುತ್ತಿತ್ತು, ಅದರ ಮೇಲೆ ಒಣಗಿದ ವಿಭೂತಿಯ ಮೂರು ಪಟ್ಟೆ. ಗಾಲಿ ತಿರುಗಿಸಲು ನೋಡಿದೆ. ತಿರುಗಲಿಲ್ಲ. ಸಿಲಿಂಡರಿನ ಬಾಯಲ್ಲಿ ಪಿಸ್ಟನ್ನಿನ ಉಕ್ಕಿನ ಕಡ್ಡಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬಾಯ್ಲರಿನ ನೆತ್ತಿಯ ಮೇಲಿನ ಸೇಫ್ಟಿ ವಾಲ್ವನ್ನು ಬಿಚ್ಚಿದರೆ ಒಳಗಿನ ಸ್ಪ್ರಿಂಗ್ ಕಂದು ಪುಡಿಯಾಗಿ ನನ್ನ ಅಂಗೈಗೆ ಉದುರಿತು.

ಅಪ್ಪ ಪುಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದ. ನಾಲಿಗೆಗೆ ಹಚ್ಚಿದ. "ಉಪ್ಪು," ಅಂದ.

ಮಹಾನವಮಿಗೆ ತವರಿಗೆ ಬಂದಿದ್ದ ನನ್ನ ಅತ್ತೆಯ ಕೆಲಸ ಅದು. ಅವಳು ಅಪ್ಪನ ಅಕ್ಕ, ಚೊಳಚಗುಡ್ಡಕ್ಕೆ ಕೊಟ್ಟದ್ದು. ಖಂಡೇಪೂಜೆಗೆ ನಮ್ಮಲ್ಲಿ ಇಳಿಗಿ, ಸ್ಕ್ರೂ ಡ್ರೈವರ್, ಸ್ಕೂಟರು, ಅವ್ವನ ಹೊಲಿಗೆ ಮಷಿನ್ನು, ಎಲ್ಲ ತೊಳೆದು ಇಡುತ್ತೇವೆ. ಅತ್ತೆ ದೇವರ ತಾಮ್ರ, ಹಿತ್ತಾಳೆಗಳ ಜೊತೆ ಇಂಜಿನ್ನನ್ನೂ ಬೋಗುಣಿಯಲ್ಲಿ ಮುಳುಗಿಸಿ, ಹುಣಸೆಹಣ್ಣು ಮತ್ತು ಉಪ್ಪು ಹಚ್ಚಿ ತಿಕ್ಕಿದ್ದಳು. ಒರೆಸಿ, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿದ್ದಳು. ಅಪ್ಪ ಅದರ ಮುಂದೆ ನಿಂತು "ಭಾಳ ಚಂದ ಕಾಣ್ತೈತಿ ಅಕ್ಕಾ" ಎಂದದ್ದು ನನಗೆ ನೆನಪಿದೆ. ಅವನಿಗೆ ಆಗ ಕಂಡದ್ದು ಹೊಳಪು ಮಾತ್ರ. ಕಣ್ಣು ಹೋಗುತ್ತಿರುವುದನ್ನು ಯಾರಿಗೂ ತಿಳಿಯದಂತೆ ಅವನು ಇಟ್ಟುಕೊಂಡಿದ್ದ. ಎಣ್ಣೆ ಬಿಡದೆ ಹಾಗೇ ಪೆಟ್ಟಿಗೆಗೆ ಹೋಯಿತು ಇಂಜಿನ್.

ನಾನು ಅತ್ತೆಗೆ ಫೋನ್ ಹಚ್ಚಿದೆ.

"ನಾ ಏನ್ ವಿಷ ಹಾಕೇನೇನವಾ? ದೇವರ ಸಾಮಾನು ತೊಳಿಯೂಹಂಗ ತೊಳದೇನಿ."

"ಅದು ದೇವರ ಸಾಮಾನಲ್ಲತ್ತಿ, ಮಷಿನ್ನು. ಒಳಗ ಉಕ್ಕು ಐತಿ."

"ಹೊರಗ ತಾಮ್ರ ಇತ್ತಲ್ಲ? ತಾಮ್ರಕ್ಕ ಹುಣಸಿಹಣ್ಣು ಬಿಟ್ಟು ಮತ್ತೇನ್ ಹಚ್ತಾರ, ನೀನ ಹೇಳು."

ಅವಳ ತರ್ಕ ಶುದ್ಧವಾಗಿತ್ತು. ತಾಮ್ರವನ್ನು ಹುಣಸೆಹಣ್ಣಿನಲ್ಲಿ ತೊಳೆಯಬೇಕು, ಇದು ತಾಮ್ರ, ಆದ್ದರಿಂದ ತೊಳೆದಳು. ಆ ಕಡೆ ಅವಳು ಮೂಗು ಏರಿಸುವ ಸದ್ದು ಕೇಳಿಸಿತು.

"ಬನಶಂಕರಿಗೆ ಬೇಡಿಕೊಂಡೇನಿ. ತಮ್ಮಗ ಗಾಡಿ ಕಾಣಲಿ ಅಂತ."

"ದೇವಿ ಸ್ಪ್ರಿಂಗ್ ಮಾಡಿ ಕೊಡ್ತಾಳೇನತ್ತಿ?"

"ನಿನ್ನ ವಾದ ಮಾಡಿ ಕೊಡ್ತೈತೇನು?"

ಬಾಗಲಕೋಟೆಯಲ್ಲಿ ಎರಡು ಲೇಥ್ ಅಂಗಡಿಯವರು ಇಂಜಿನ್ ಮುಟ್ಟಲೇ ಇಲ್ಲ. ಇಳಕಲ್ಲಿನಲ್ಲಿ ಕಲ್ಲು ಪಾಲಿಶ್ ಮಾಡುವ ಮಷಿನ್ನುಗಳ ಸಣ್ಣ ಕೆಲಸ ಮಾಡುವವನು ಒಬ್ಬನಿದ್ದಾನೆ ಎಂದು ಯಾರೋ ಹೇಳಿದರು. ಹೊಸ ಭಾಗ ಹೊರದೇಶದಿಂದ ತರಿಸಬೇಕೆಂದರೆ ಅದು ಕಸ್ಟಮ್ಸ್ ದಾಟಿ ಬರುವಷ್ಟರಲ್ಲಿ ಮಳೆಗಾಲ. ಅಪ್ಪ ಆಗಲೇ ಚಹಾದ ಕಪ್ಪನ್ನು ಬಸಿಯ ಹೊರಗೆ ಇಡತೊಡಗಿದ್ದ. ಇಂಜಿನ್ನನ್ನು ಅವ್ವನ ಹಳೆ ಇಳಕಲ್ ಸೀರೆಯಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು ನಾನು ಬಸ್ಸು ಹತ್ತಿದೆ.

"ಚೀಲದಾಗ ಏನೈತಿ ತಂಗಿ, ಇಷ್ಟ್ ಜತನ ಮಾಡಾಕತ್ತೀ?" ಎಂದ ಕಂಡಕ್ಟರ್.

"ಇಂಜಿನ್ರಿ."

"ಭೇಷ್ ಆತು. ನಮ್ಮ ಬಸ್ಸಿಂದು ನೆಟ್ಟಗಿಲ್ಲ. ಅಮೀನಗಡದಾಗ ಕೆಟ್ಟು ನಿಂತ್ರ ಅದನ್ನ ಹಚ್ಚೋಣು."

ಬಸ್ಸೆಲ್ಲ ನಕ್ಕಿತು. ನನಗೂ ನಗು ಬರಬೇಕಿತ್ತು. ಕಿಟಕಿಯ ಹೊರಗೆ ಜೋಳದ ಹೊಲ, ಕುರಿ ಹಿಂಡು, ಕಲ್ಲಿನ ಕ್ವಾರಿ ಹಿಂದೆ ಸರಿಯುತ್ತಿದ್ದವು. ನಾನು ಮತ್ತೆ ಮತ್ತೆ ಮುಷ್ಟಿಯನ್ನು ಕಣ್ಣಿಗೆ ಹಚ್ಚಿ ನೋಡುತ್ತಿದ್ದೆ. ಓಡುವ ಬಸ್ಸಿನಿಂದ ಹಾಗೆ ನೋಡಿದರೆ ಏನೂ ತಿಳಿಯುವುದಿಲ್ಲ. ಒಂದು ವಸ್ತು ಏನೆಂದು ಗೊತ್ತಾಗುವ ಮೊದಲೇ ಅದು ಹೋಗಿಬಿಡುತ್ತದೆ.

ಇಳಕಲ್ಲಿನ ಆ ಮನುಷ್ಯ ದಪ್ಪಗೆ, ಖುಷಿಖುಷಿಯಾಗಿದ್ದ. ಮೈತುಂಬ ಕಲ್ಲಿನ ಧೂಳು. ಸಿಲಿಂಡರನ್ನು ಎಣ್ಣೆಯಲ್ಲಿ ನೆನೆಸಿ, ಬಡಿದು, ಪಿಸ್ಟನ್ ಹೊರಗೆ ತೆಗೆದ. ತುಕ್ಕಿನ ಕಡ್ಡಿಯ ಬದಲು ಸ್ಟೇನ್‌ಲೆಸ್ ಕಡ್ಡಿ ಕಡೆದು ಕೂಡಿಸಿದ. ಗಾಲಿ ತಿರುಗಿತು. ನನಗೆ ಅವನ ಕೈ ಹಿಡಿದುಕೊಳ್ಳಬೇಕೆನಿಸಿತು. ಆಮೇಲೆ ಅವನು ಸೇಫ್ಟಿ ವಾಲ್ವಿನ ತೂತಿನ ಮೇಲೆ ಬೆರಳಿಟ್ಟ.

"ಇದೇನ್ರಿ ಇಲ್ಲಿ?"

"ಒಳಗ ಉಗಿ ಜಾಸ್ತಿ ಆದ್ರ ಹೊರಗ ಬಿಡೂದ್ರಿ. ಅದರ ಸ್ಪ್ರಿಂಗ್ ಹೋಗೈತಿ."

"ಉಗಿ ಹೊರಗ ಬಿಟ್ರ ಜೋರ ಎಲ್ಲಿಂದ ಬರಬೇಕ್ರಿ? ಒಂದು ಬೋಲ್ಟ್ ಹೊಡದು ಬಂದ್ ಮಾಡಿಬಿಡ್ತೇನಿ. ಒಂದ್ ಹನಿ ಹೊರಗ ಬರಂಗಿಲ್ಲ. ಗ್ಯಾರಂಟಿ."

"ನಿಮ್ಮ ಮನ್ಯಾಗ ಕುಕ್ಕರಿನ ಸೀಟಿ ಬಂದ್ ಮಾಡಿ ಅನ್ನ ಮಾಡ್ತಾರೇನ್ರಿ?"

"ಅನ್ನ ಮಾಡಾಕಿ ಅಕಿ. ಉಣ್ಣಾವ ನಾ. ನನಗೇನ್ ಗೊತ್ತು?"

ಬಾಲ್‌ಪೆನ್ನಿನ ಸ್ಪ್ರಿಂಗ್ ಕತ್ತರಿಸಿ ಹಾಕಿಯೂ ನೋಡಿದ. ನಾನು ಅಪ್ಪನಿಗೆ ಫೋನ್ ಮಾಡಿ ಕೇಳಿದೆ. "ಬ್ಯಾಡ," ಅಂದ ಅಪ್ಪ. "ಅದು ಯಾವಾಗ ಬಿಡ್ತೈತಿ, ಯಾವಾಗ ಬಿಡಂಗಿಲ್ಲ, ಹೇಳಾಕ ಬರಂಗಿಲ್ಲ. ನೀ ಹತ್ರ ನಿಂತಿರ್ತೀ. ಬಾಯ್ಲರ್ ಒಡದ್ರ?" ಆಮೇಲೆ ಅಂದ, "ಹೋಗಲಿ ಬಿಡು. ವಾಪಸ್ ಬಾ."

ನಾನು ಅಪ್ಪನ ಬಾಯಲ್ಲಿ 'ಹೋಗಲಿ ಬಿಡು' ಎಂಬ ಮಾತನ್ನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ಹುನಗುಂದದಾಗ ಅವರ ಹತ್ರ ಇದ ಇಂಜಿನ್ ಐತಲ್ಲಪ್ಪಾ?" ಅಂದೆ.

"ಅವನ ಬಾಗಿಲಿಗೆ ಹೋಗಬ್ಯಾಡ."

ಹುನಗುಂದದವರು ಎಣ್ಣೆಕಾಳಿನ ವ್ಯಾಪಾರಿ. ಈ ಭಾಗದಲ್ಲಿ ಇಂಜಿನ್ ಹುಚ್ಚು ಇದ್ದವರು ಅಪ್ಪ ಮತ್ತು ಅವರು ಇಬ್ಬರೇ. ಒಬ್ಬರಿಗೊಬ್ಬರು ಎಷ್ಟು ಬೇಕಾಗಿದ್ದರೋ ಅಷ್ಟೇ ಜಗಳ. ಅವರು ಕೂಡಿಡುವವರು, ಅಪ್ಪ ಓಡಿಸುವವನು. ಬೆಂಕಿ ಕಂಡ ಇಂಜಿನ್ ಹಳತಾಯಿತು ಎಂದು ಅವರು. ಬೆಂಕಿ ಕಾಣದ್ದು ಇಂಜಿನ್ನೇ ಅಲ್ಲ ಎಂದು ಅಪ್ಪ. ಕಡೆಗೊಮ್ಮೆ ಅಪ್ಪ ಅವರ ಮನೆಯನ್ನು 'ಇಂಜಿನ್ನುಗಳ ಗೋರಿ' ಎಂದು ನಾಲ್ಕು ಜನರೆದುರು ಅಂದುಬಿಟ್ಟ. ಮಾತು ನಿಂತುಹೋಯಿತು. ಆದರೆ ಇಳಕಲ್ಲಿನಿಂದ ಬಾಗಲಕೋಟೆಗೆ ಹೋಗುವ ಬಸ್ಸು ಹುನಗುಂದದ ಮೇಲೆಯೇ ಹೋಗಬೇಕು. ನಾನು ಅಲ್ಲಿ ಇಳಿದೆ.

"ಬರ್ರಿ ಬರ್ರಿ. ಅವರ ಮಗಳಲ್ಲೇನು ನೀವು, ವಾದ ಮಾಡಾಕಿ?" ಅಂದರು ಆ ಕಾಕಾ. ಬಿಳಿ ಧೋತ್ರ, ಬಿಳಿ ಅಂಗಿ, ಒಗೆದ ವಾಸನೆ. ಪಡಸಾಲೆಯ ಮೂರು ಗೋಡೆಗೂ ಗಾಜಿನ ಕಪಾಟು. ಕಪಾಟಿನ ತುಂಬ ಇಂಜಿನ್ನುಗಳು, ಹಸಿರು, ಕಪ್ಪು, ಕಂದು. ಧೂಳಿನ ಒಂದು ಕಣವಿಲ್ಲ. ನಡುವಿನ ಸಾಲಿನಲ್ಲಿ ಅಪ್ಪನ ಇಂಜಿನ್ನಿನ ಅವಳಿ ನಿಂತಿತ್ತು, ನೆತ್ತಿಯ ಮೇಲೆ ಹಿತ್ತಾಳೆಯ ವಾಲ್ವ್ ಮಿನುಗುತ್ತ.

ನಾನು ವಿಷಯ ಹೇಳಿದೆ. ಆಮೇಲೆ ವಾದ ಕಟ್ಟಿದೆ. ಇಂಜಿನ್ನಿನ ಗುಣ ಓಡುವುದು. ಓಡದಿದ್ದರೆ ಅದು ಬರೀ ಆಕಾರ. ಆಕಾರಕ್ಕೆ ಸೇಫ್ಟಿ ವಾಲ್ವ್ ಬೇಕಿಲ್ಲ, ಯಾಕೆಂದರೆ ಅದರಲ್ಲಿ ಉಗಿಯೇ ಇಲ್ಲ. ಆದ್ದರಿಂದ ಅದನ್ನು ಕೊಟ್ಟರೆ ನಿಮಗೆ ಕಳೆದುಹೋಗುವುದು ಏನೂ ಇಲ್ಲ. ಒಳ್ಳೆಯ ವಾದ. ವೇದಿಕೆಯ ಮೇಲಾದರೆ ಚಪ್ಪಾಳೆ ಬೀಳುತ್ತಿತ್ತು.

ಕಾಕಾ ತಾಳ್ಮೆಯಿಂದ ಕೇಳಿದರು. "ನಿಮ್ಮ ಅಪ್ಪ ಓಡಿಸಿದ್ರು. ಅವರದು ಈಗ ಹೆಂಗೈತಿ?"

"ಕೆಟ್ಟೈತ್ರಿ."

"ನಂದು ಹೆಂಗೈತಿ?"

ನಾನು ಕಪಾಟಿನ ಕಡೆ ನೋಡಿದೆ.

"ನಂದು ನೆಟ್ಟಗ ಐತಿ ಅಂತನ ನೀವು ಇಲ್ಲಿಗೆ ಬಂದೀರಿ. ನಾನೂ ಓಡಿಸಿದ್ರ ಇವತ್ತ ನಿಮಗ ಕೇಳಾಕ ಒಂದು ಜಾಗಾನೂ ಇರ್ತಿದ್ದಿಲ್ಲ. ಹೌದಲ್ಲೋ?"

ಹೌದು. ಆಡಿದ ವಾದಗಳಲ್ಲಿ ನಾನು ಪೂರ್ತಿ ಸೋತದ್ದು ಅದೊಂದೇ, ಮತ್ತು ಆ ಸೋಲಿನಲ್ಲಿ ಅಪ್ಪನ ಕಣ್ಣು ಇತ್ತು. ಕಾಕಾರ ಮನೆಯವರು ತಂದ ಚಹಾ ನನ್ನ ಕೈಯಲ್ಲಿ ತಣ್ಣಗಾಗುತ್ತಿತ್ತು. ನಾನು ಅಳುತ್ತಿದ್ದೇನೆ ಎಂದು ಕಾಕಾ ಕಿಟಕಿಯ ಕಡೆ ಮುಖ ತಿರುಗಿಸಿದಾಗ ನನಗೆ ತಿಳಿಯಿತು.

"ಈಗ ಎಷ್ಟು ಕಾಣ್ತೈತಿ ಅವರಿಗೆ?" ಎಂದರು ಆ ಕಡೆ ನೋಡುತ್ತಲೇ.

ನಾನು ಮುಷ್ಟಿ ಹಿಡಿದು ಕಣ್ಣಿಗೆ ಹಚ್ಚಿ ತೋರಿಸಿದೆ. ಅವರೂ ತಮ್ಮ ಕೈಯನ್ನು ಹಾಗೇ ಮಾಡಿಕೊಂಡು, ಕಣ್ಣಿಗೆ ಹಿಡಿದು, ತಮ್ಮ ಕಪಾಟಿನ ಕಡೆ ತಿರುಗಿದರು. ಮೊದಲು ಎಡಗೋಡೆ. ಆಮೇಲೆ ನಡುವಿನದು. ಒಂದು ಇಂಜಿನ್ನಿನಿಂದ ಇನ್ನೊಂದಕ್ಕೆ ಮೆಲ್ಲಗೆ ಸರಿಯುತ್ತ, ದಾರಿ ತಪ್ಪಿ ಹಿಂದೆ ಹೋಗಿ, ಮತ್ತೆ ಹುಡುಕಿಕೊಳ್ಳುತ್ತ. ಬಹಳ ಹೊತ್ತು ಆ ಕೈ ಇಳಿಯಲಿಲ್ಲ. ಒಳಗೆ ಕುಕ್ಕರ್ ಸೀಟಿ ಹೊಡೆಯಿತು.

ಆಮೇಲೆ ಸೊಂಟದ ಕೀಲಿಗೊಂಚಲು ತೆಗೆದು ಗಾಜಿನ ಬಾಗಿಲು ತೆರೆದರು. ವಾಲ್ವನ್ನು ತಾವೇ ಬಿಚ್ಚಿ, ಕಾಗದದಲ್ಲಿ ಸುತ್ತಿ ಕೊಟ್ಟರು. ಇಂಜಿನ್ನಿನ ನೆತ್ತಿಯಲ್ಲಿ ಒಂದು ಕಪ್ಪು ತೂತು ಉಳಿಯಿತು.

"ಓಡಿದ್ದು ವಿಡಿಯೋ ತಗದು ಕಳಸಬ್ಯಾಡ," ಅಂದರು. ಏಕವಚನಕ್ಕೆ ಬಂದಿದ್ದರು.

"ಯಾಕ್ರಿ ಕಾಕಾ?"

"ನೋಡಿದ್ರ ನನಗೂ ಹಚ್ಚಬೇಕನಸ್ತೈತಿ. ಹೋಗು."

ಆ ಭಾನುವಾರ ಬೆಳಿಗ್ಗೆ ಅತ್ತೆಯೂ ಚೊಳಚಗುಡ್ಡದಿಂದ ಬಂದಳು. ಕುಂಕುಮದ ಪೊಟ್ಟಣ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು, ಆದರೆ ಇಂಜಿನ್ನಿನ ಹತ್ತಿರ ಬರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಳು, ಅದು ಯಾರದೋ ಹಸುಗೂಸು ಎಂಬಂತೆ. ನಾನು ಬ್ಯಾಟರಿ ಅಂಗಡಿಯಿಂದ ತಂದ ಡಿಸ್ಟಿಲ್ಡ್ ವಾಟರ್ ತುಂಬಿಸಿ, ಎಣ್ಣೆ ಬಿಟ್ಟು, ಸ್ಪಿರಿಟ್ ದೀಪ ಹಚ್ಚಿದೆ. ಅಪ್ಪ ಕುರ್ಚಿಯಲ್ಲಿ ಕೂತು, ಸದ್ದಿನಿಂದಲೇ ಹೇಳಿಕೊಡುತ್ತಿದ್ದ. "ಈಗ ನೀರು ಹಾಡಾಕತ್ತೈತಿ. ತಡಿ. ಇನ್ನೂ ತಡಿ." ವಾಲ್ವ್ ಪುಸಕ್ ಎಂದು ಬಿಳಿ ಉಗಿ ಬಿಟ್ಟಿತು. ಅತ್ತೆ "ಶಿವನ!" ಎಂದು ಹಿಂದೆ ಜಿಗಿದಳು. "ಹಾಂ, ಬಿಡು," ಅಂದ ಅಪ್ಪ.

ಇಂಜಿನ್ ನಡುಗಿತು, ಉಗುಳಿತು, ಹೊರಟಿತು. ಬಾದಾಮಿ ಸ್ಟೇಷನ್ ದಾಟಿತು. ಗುಡ್ಡದೊಳಗೆ ಹೋಗಿ ಹೊರಬಂತು. ಅವ್ವ ಚಪ್ಪಾಳೆ ತಟ್ಟಿದಳು. ನಾನು ಅಪ್ಪನ ಮುಖ ನೋಡಿದೆ.

ಅವನ ತಲೆ ಆ ಕಡೆ ಈ ಕಡೆ ಹುಡುಕುತ್ತಿತ್ತು.

"ಬಂತು," ಅಂದ. ಮರುಕ್ಷಣ, "ಹೋತು."

ಇಂಜಿನ್ ಸುತ್ತು ಹಾಕಿ ಬಂತು. "ಬಂತು... ಹೋತು." ಮುಂದಿನ ಸುತ್ತು ಅವನು ಇನ್ನೂ ಬೇಗ ತಲೆ ತಿರುಗಿಸಿದ, ಇಂಜಿನ್ ಆಗಲೇ ದಾಟಿತ್ತು. ಅದರ ಮುಂದಿನ ಸುತ್ತು ಅವನು ಹಳೆ ಓಣಿಯ ಮನೆಗಳನ್ನು ನೋಡುತ್ತ ಕಾದ. ಇಂಜಿನ್ ಸೇತುವೆಯ ಮೇಲಿತ್ತು. ತೂತಿನೊಳಗೆ ಅದು ಒಂದು ಕಣ್ಣೆವೆ ಹೊತ್ತು ಇರುತ್ತಿತ್ತು, ಅಷ್ಟೇ.

"ಕೇಳ್ತೈತಲ್ಲ ತಮ್ಮಾ," ಅಂದಳು ಅತ್ತೆ ಬಾಗಿಲಿನಿಂದ. "ಸಪ್ಪಳ ಕೇಳಿದ್ರ ನೋಡಿದಂಗನ ಆತಲ್ಲ."

"ಆಗಂಗಿಲ್ಲ!" ಅಪ್ಪ ಕುರ್ಚಿಯ ಕೈಗೆ ಗುದ್ದಿದ. "ಕೇಳೂದು ಕೇಳೂದು, ನೋಡೂದು ನೋಡೂದು. ಸಪ್ಪಳ ನನಗ ನಾಳೆನೂ ಸಿಗ್ತೈತಿ, ಸಾಯೂತನಾನೂ ಸಿಗ್ತೈತಿ. ನಾ ಏನ್ ಬೇಡೇನಿ? ನೋಡಬೇಕು ಅಂದೇನಿ. ಅಷ್ಟೂ ಇಲ್ಲೇನು ನನಗ?"

ಸ್ಪಿರಿಟ್ ತೀರುವವರೆಗೆ ಇಂಜಿನ್ ತನ್ನಷ್ಟಕ್ಕೆ ಸುತ್ತು ಹೊಡೆಯುತ್ತ, ಸುರಂಗದ ಬಾಯಲ್ಲಿ ಉಸಿರು ಬಿಟ್ಟು ನಿಂತಿತು.

ಆಗ ಅಪ್ಪ ಅಂದ, ಬಹಳ ಸಮಾಧಾನದಿಂದ, ನಕ್ಷೆ ಬರೆಯುವವನ ದನಿಯಲ್ಲಿ. "ಅಡ್ಡ ಹೋಗೂದಕ್ಕ ಕಾಣವಲ್ದು. ನನ್ನ ಕಡೀಗೇ ಬಂದ್ರ ಕಾಣ್ತೈತಿ."

"ಅಂದ್ರ?"

"ಹಳಿ ನೇರ ಹಾಕು. ಖೋಲಿಯ ಆ ಗೋಡಿಯಿಂದ, ಬಾಗಿಲದಾಗ ಹಾದು, ಹೊರಗ ನನ್ನ ಕುರ್ಚಿ ತನಕ. ದೂರ ಇದ್ದಾಗ ಸಣ್ಣದು, ಹತ್ರ ಬಂದಾಗ ದೊಡ್ಡದು. ಕಣ್ಣಿನ ನಡು ತಪ್ಪಂಗಿಲ್ಲ."

"ಹಳಿ ಸಾಲಂಗಿಲ್ಲಪ್ಪಾ."

"ಇದನ್ನೆಲ್ಲ ಕೀಳು."

ನಾನು ಆ ಹಲಗೆಯ ಕಡೆ ನೋಡಿದೆ. ಸ್ಟೇಷನ್ನು, ಸೇತುವೆ, ಕೆಂಪು ಹೊಳೆ, ಮುಳುಗಿದ ಓಣಿಯ ಬೆಂಕಿಪೆಟ್ಟಿಗೆ ಮನೆಗಳು. ನಾನು ಹುಟ್ಟುವ ಮೊದಲಿನಿಂದ ಕಟ್ಟಿದ್ದು. "ಅಪ್ಪಾ, ಹಳಿ ಕಿತ್ರ ಗುಡ್ಡ ಒಡೀಬೇಕಾಗ್ತೈತಿ. ಓಣಿ ಹೋಗ್ತೈತಿ. ಅವ್ವನ ಕೇಳು ಬೇಕಾದ್ರ..."

"ಕಾಣದ ಊರು ಇಟಗೊಂಡು ಏನ್ ಮಾಡ್ಲಿ?" ಅಂದ. "ಕೀಳು ಅಂದೇನಿ."

ಕಿತ್ತೆ. ಸ್ಕ್ರೂಗಳು ಮೊದಲು, ಆಮೇಲೆ ಗುಡ್ಡ. ಅತ್ತೆ ಬಂದು ಓಣಿಯ ಮನೆಗಳನ್ನು ಒಂದೊಂದಾಗಿ ಎತ್ತಿ ಮೊರದಲ್ಲಿ ತುಂಬಿದಳು. ಬಗ್ಗಿಸಿ ಹಾಕಿದ ಹಳಿ ಬಿಚ್ಚಿದ ಮೇಲೆ ಮೆಲ್ಲಗೆ ನೇರವಾಗುತ್ತ ಬಂತು. ಹಲಗೆಗಳನ್ನು ಸ್ಟೂಲಿನ ಮೇಲೆ, ಮಣೆಯ ಮೇಲೆ, ಉಳ್ಳಾಗಡ್ಡಿ ಡಬ್ಬದ ಮೇಲೆ ಇಟ್ಟು, ಅಪ್ಪ ಕೂತರೆ ಕಣ್ಣಿಗೆ ಸಮನಾಗುವಷ್ಟು ಎತ್ತರಕ್ಕೆ ಏರಿಸಿದೆವು. ಒಂದು ಕಡೆ ತಗ್ಗಾಯಿತು. ಅತ್ತೆ ಕೆಳಗೆ ಹೋಗಿ ಟಿವಿಯ ಪಕ್ಕದ ನನ್ನ ಪಾರಿತೋಷಕಗಳನ್ನು ಉಡಿಯಲ್ಲಿ ಹಾಕಿಕೊಂಡು ಬಂದು, ಮರದ ಬುಡ ಇದ್ದವನ್ನು ನೋಡಿ ಹಲಗೆಯ ಕೆಳಗೆ ತುರುಕಿದಳು.

"ಏನೂ ಇಲ್ಲಂದ್ರೂ ಇಷ್ಟಕ್ಕರೆ ಬಂದ್ವು," ಅಂದಳು. ಅವ್ವ ಸೇಫ್ಟಿ ಪಿನ್ನುಗಳನ್ನು ನೆಲದಿಂದ ಆರಿಸುತ್ತ ನಕ್ಕಳು.

ಮತ್ತೆ ನೀರು, ಮತ್ತೆ ದೀಪ. ಈ ಸಲ ಅತ್ತೆ ಆ ತುದಿಯಲ್ಲಿ ಇಂಜಿನ್ ಹಿಡಿದು ನಿಂತಳು, ಕೈಗೆ ಬಟ್ಟೆ ಸುತ್ತಿಕೊಂಡು. ನಾನು ಈ ತುದಿಯಲ್ಲಿ ಅಪ್ಪನ ಮೊಣಕಾಲಿನ ಹತ್ತಿರ ಕೂತೆ, ಅದು ಬಿದ್ದುಹೋಗದಂತೆ ಹಿಡಿಯಲು. "ಬಿಡಲಿ?" ಎಂದು ಕೂಗಿದಳು ಅತ್ತೆ. "ಬಿಡಕ್ಕಾ."

ಇಂಜಿನ್ ಹೊರಟಿತು. ಅಪ್ಪನ ತಲೆ ಅಲುಗಲಿಲ್ಲ. ಖೋಲಿಯ ಆ ತುದಿಯಲ್ಲಿ ಒಂದು ಗುಂಡಿಯಷ್ಟಿದ್ದ ಅದರ ಮೂತಿ ಬಾಗಿಲಿಗೆ ಬರುವಾಗ ತಟ್ಟೆಯಷ್ಟಾಯಿತು. ಅಪ್ಪ ಬಂತು ಅನ್ನಲಿಲ್ಲ, ಹೋತು ಅನ್ನಲಿಲ್ಲ. ನಾನು ಹಿಡಿದು ನಿಲ್ಲಿಸಿದಾಗ ಅದರ ಬಿಸಿ ನಮ್ಮಿಬ್ಬರ ಮುಖಕ್ಕೂ ಬಡಿಯಿತು. ಅಪ್ಪನ ಬಲಗಣ್ಣಿನಿಂದ ನೀರು ಇಳಿದು ಗದ್ದಕ್ಕೆ ಬಂದಿತ್ತು, ಅವನು ರೆಪ್ಪೆ ಬಡಿದಿರಲಿಲ್ಲ.

"ಮುಂದಿನ ಲಾಟೀನ ಸೊಟ್ಟ ಐತಿ," ಅಂದ.

ಖರೆ, ಸೊಟ್ಟಗಿತ್ತು. ಇಳಕಲ್ಲಿನಲ್ಲಿ ಬಡಿಯುವಾಗ ಆಗಿರಬೇಕು. ನಮ್ಮಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ.

ಆ ದಿನ ಸ್ಪಿರಿಟ್ ಮುಗಿಯುವವರೆಗೂ ಓಡಿಸಿದೆವು. ಅತ್ತೆ ಬನಶಂಕರಿಗೆ ಕೈ ಮುಗಿದಳು. ನಾನು ಆಕ್ಷೇಪ ಎತ್ತಲಿಲ್ಲ, ಎತ್ತಲು ಕಾರಣ ಇಲ್ಲದಿರಲಿಲ್ಲ. ಒಮ್ಮೆ ಸಾಕು ಅಂದಿದ್ದ ಅಪ್ಪ ಈಗ ಭಾನುವಾರ ಬಂದರೆ ಬೆಳಿಗ್ಗೆಯೇ ಎದ್ದು ಮಾಳಿಗೆಯಲ್ಲಿ ಕೂತಿರುತ್ತಾನೆ. ಹಳಿ ಹಾಗೇ ಇದೆ. ಮಾಳಿಗೆಯಲ್ಲಿ ಓಡಾಡುವವರು ಅದರ ಕೆಳಗೆ ಬಗ್ಗಿಯೇ ಓಡಾಡಬೇಕು.

ಕಳೆದ ಭಾನುವಾರ ನಾನು ದೀಪ ಹಚ್ಚುತ್ತಿದ್ದಾಗ ಅಪ್ಪ ಅಂದ, "ಹಳಿ ಬಲಕ್ಕ ಸರದೈತಿ ನೋಡು. ಎರಡ ಬೆರಳು ಎಡಕ್ಕ ತಾ."

ಸರಿದದ್ದು ಹಳಿಯಲ್ಲ. ಹಲಗೆಗೆ ನಾನೇ ಸ್ಕ್ರೂ ಹಾಕಿದ್ದೆ, ಸ್ಕ್ರೂಗಳು ಅಲ್ಲೇ ಇದ್ದವು. ಕುತ್ತಿಗೆ ಒಂದಿಷ್ಟು ತಿರುಗಿಸಿದರೂ ಆಗುತ್ತಿತ್ತು. ಅವನ ಮಾತಿನಲ್ಲಿ ಬೆರಳಲ್ಲ, ಇಡೀ ಕೈ ಹೋಗುವಷ್ಟು ಬಿರುಕು ಇತ್ತು.

ನಾನು ಸ್ಕ್ರೂ ಬಿಚ್ಚಿ, ಹಲಗೆ ಹಿಡಿದು, ಎರಡು ಬೆರಳು ಎಡಕ್ಕೆ ಸರಿಸಿದೆ.

"ಈಗ?" ಅಂದೆ.

ಅಪ್ಪ ಮುಂದಕ್ಕೆ ಬಾಗಿ, ಖೋಲಿಯ ಆ ತುದಿಯನ್ನು ಬಹಳ ಹೊತ್ತು ನೋಡಿದ.

"ಇನ್ನೊಂದ ಬೆರಳು," ಅಂದ.